ಕ್ರೈಸ್ತರು ಹೇಳುವ ‘ದೇವರ ಭಯ’ ಯಾವ ಬಗೆಯ ಭಯ?

ನಮ್ಮ ಪಕ್ಕದ ಬೀದಿಯ ಹತ್ತು ವರ್ಷದ ಹುಡುಗಿಯೊಬ್ಬಳು ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಯಾರೋ ಕಳಿಸಿದ್ದ ಒಂದು ವಿಡಿಯೊ ಅದಕ್ಕೆ ಕಾರಣ. ಒಬ್ಬ ಪ್ರಸಂಗಿ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಹಿಂದೆ ಬೆಂಕಿ ಉರಿಯುತ್ತಿತ್ತು, ಕೆಳಗೆ ಕೆಂಪಕ್ಷರದಲ್ಲಿ ‘ದೇವರಿಗೆ ಭಯಪಡು’ ಎಂದಿತ್ತು. ನಾಲ್ಕನೆಯ ದಿನ ಸಂಜೆ ತಾಯಿ ಅವಳನ್ನು ನಮ್ಮ ಮನೆಗೆ ಕರೆತಂದರು. ‘ಅಕ್ಕಾ, ನೀವು ಸಂಡೇ ಸ್ಕೂಲಿನಾಗೆ ಪಾಠ ಹೇಳ್ತೀರಲ್ಲ, ಇವಳಿಗೊಂದು ಮಾತು ಹೇಳ್ರಿ’ ಎಂದರು. ಹುಡುಗಿ ತಟ್ಟೆಯ ಮಂಡಕ್ಕಿಯಲ್ಲಿ ಬೆರಳಾಡಿಸುತ್ತ, ತಲೆ ಎತ್ತದೆಯೇ ಕೇಳಿದಳು: ‘ಮಿಸ್, ದೇವರು ಒಳ್ಳೇನು ಅಂತೀರಿ. ದೇವರಿಗೆ ಹೆದರ್ಬೇಕು ಅಂತಾನೂ ಅಂತೀರಿ. ಒಳ್ಳೇರಿಗೆ ಯಾರಾದ್ರೂ ಹೆದರ್ತಾರಾ?’

ಇದು ಮಕ್ಕಳಷ್ಟೇ ಕೇಳುವ ಪ್ರಶ್ನೆಯಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಗುಡಿಗೆ ನಮ್ಮ ದಾವಣಗೆರೆಯಿಂದ ಬಸ್ಸು ತುಂಬಿ ಜನ ಹೋಗುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಪಕ್ಕದಲ್ಲಿ ಕೂತವರು ಮಾತಿಗೆ ಮಾತು ಬಂದಾಗ ಇದನ್ನೇ ಬೇರೆ ರೀತಿಯಲ್ಲಿ ಕೇಳುತ್ತಾರೆ: ‘ನಿಮ್ಮ ಯೇಸು ಪ್ರೀತಿ ಪ್ರೀತಿ ಅಂತಾನೆ, ಮತ್ತೆ ನಿಮ್ಮ ಬೈಬಲ್‌ನಲ್ಲಿ ಭಯ ಯಾಕೆ?’ ಆ ಸಂಜೆ ಹುಡುಗಿಗೆ ಹೇಳಿದ್ದನ್ನೂ ದೊಡ್ಡವರಿಗೆ ಹೇಳಬೇಕಾದ್ದನ್ನೂ ಸೇರಿಸಿ ಬುಡದಿಂದ ಬಿಡಿಸಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಒಂದೇ ಪದದೊಳಗೆ ಸಿಂಹವೂ ಇದೆ, ತಾಯಿಯೂ ಇದ್ದಾಳೆ

ಬೈಬಲ್‌ನ ಹಳೆಯ ಒಡಂಬಡಿಕೆ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ಅಲ್ಲಿ ದೇವರ ಭಯಕ್ಕೆ ಬಳಸುವ ಮುಖ್ಯ ಪದ ‘ಯಿರಾ’. ಈ ಪದದ ಹರವು ದೊಡ್ಡದು. ಪ್ರವಾದಿ ಆಮೋಸನು ಸಿಂಹ ಗರ್ಜಿಸಿದರೆ ಹೆದರದವರು ಯಾರು ಎಂದು ಕೇಳುವಾಗ ಬರುವುದು ಇದೇ ಧಾತು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಪ್ರತಿಯೊಬ್ಬನೂ ತನ್ನ ತಾಯಿಗೂ ತಂದೆಗೂ ಅಂಜಿ ನಡೆಯಬೇಕು ಎನ್ನುವಾಗ ಬರುವುದೂ ಇದೇ ಧಾತು. ಅಲ್ಲಿ ತಾಯಿಯ ಹೆಸರೇ ಮೊದಲು ಬರುತ್ತದೆ. ಸಿಂಹಕ್ಕೆ ಹೆದರುವಂತೆ ತಾಯಿಗೆ ಯಾರೂ ಹೆದರುವುದಿಲ್ಲ. ಆದರೂ ಹೀಬ್ರೂ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ.

ಹೊಸ ಒಡಂಬಡಿಕೆ ಗ್ರೀಕ್ ಭಾಷೆಯದು. ಅಲ್ಲಿನ ‘ಫೋಬೋಸ್’ ಎಂಬ ಪದವೇ ಇಂದು ವೈದ್ಯರು ಹೇಳುವ ‘ಫೋಬಿಯಾ’ಗೆ ಮೂಲ. ಹಾಗೆಂದು ಬೈಬಲ್ ಕೇಳುವುದು ಫೋಬಿಯಾವನ್ನು ಎಂದುಕೊಂಡರೆ ತಪ್ಪಾಗುತ್ತದೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಇನ್ನೊಂದು ಪದ ಸಿಗುತ್ತದೆ, ‘ಯೂಲಬೇಯಾ’. ಬೆಲೆಬಾಳುವ ವಸ್ತುವನ್ನು ಹಿಡಿಯುವಾಗ ಕೈಗೆ ತಾನಾಗಿ ಬರುವ ಎಚ್ಚರವಿದೆಯಲ್ಲ, ಆ ಪದದ ಬೇರು ಅದರ ಹತ್ತಿರದ್ದು. ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರಿಗೆ ಆ ಎಚ್ಚರ ಗೊತ್ತಿರುತ್ತದೆ.

ಕನ್ನಡದವರಿಗೆ ಈ ವಿಷಯ ಬೇರೆ ಕೆಲವರಿಗಿಂತ ಸುಲಭವಾಗಿ ದಕ್ಕಬೇಕು ಎಂದು ನನಗೆ ಯಾವಾಗಲೂ ಅನಿಸಿದೆ. ನಮ್ಮಲ್ಲಿ ಹೆದರಿಕೆ ಬೇರೆ, ಅಂಜಿಕೆ ಬೇರೆ, ಅಳುಕು ಬೇರೆ, ದಿಗಿಲು ಬೇರೆ. ‘ದೊಡ್ಡೋರು ಚಿಕ್ಕೋರು ಅನ್ನೋ ಅಂಜಿಕೆ ಇಲ್ಲ’ ಎಂದು ಬೈಯುವಾಗ ಆ ಹುಡುಗ ಗಡಗಡ ನಡುಗಬೇಕಿತ್ತು ಎಂದು ಯಾರೂ ಬಯಸುವುದಿಲ್ಲ. ‘ಪಾಪಭೀರು’ ಎಂದರೆ ಹೊಗಳಿಕೆ. ಎಲ್ಲಕ್ಕಿಂತ ಮೇಲಾಗಿ ‘ಭಯಭಕ್ತಿ’ ಎಂಬ ಜೋಡಿಪದವೇ ನಮ್ಮ ಬಾಯಲ್ಲಿದೆ. ಮಠಕ್ಕೆ ಹೋದವರು, ದರ್ಗಾಕ್ಕೆ ಹೋದವರು, ಚರ್ಚಿಗೆ ಹೋದವರು ಎಲ್ಲರೂ ಆಡುವ ಮಾತು ಅದು. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬೈಬಲನ್ನು ಕನ್ನಡಕ್ಕೆ ತರಲು ಕೂತರು. ಇಂದು ನಾವು ಓದುವ ಕನ್ನಡ ಬೈಬಲ್‌ನಲ್ಲಿ ‘ಭಯಭಕ್ತಿ’ ಹಲವು ಕಡೆ ಬರುತ್ತದೆ. ಭಯ ಮತ್ತು ಭಕ್ತಿ ಒಂದೇ ಉಸಿರಿನಲ್ಲಿ ಹೇಗೆ ಬರುತ್ತವೆ ಎನ್ನುವುದು ಆ ಪದವನ್ನು ಬಳಸುವವರಿಗೆ ಒಳಗೇ ಗೊತ್ತಿದೆ. ಬಿಡಿಸಿ ಹೇಳು ಎಂದಾಗ ಮಾತ್ರ ತೊಡಕು.

ಒಂದೇ ವಾಕ್ಯದಲ್ಲಿ ‘ಹೆದರಬೇಡಿ’, ‘ಭಯವಿರಲಿ’

ಬೈಬಲ್‌ನ ಕಥೆಯಲ್ಲಿ ಮನುಷ್ಯ ಮೊದಲ ಸಲ ‘ಹೆದರಿದೆ’ ಎಂದು ಹೇಳುವುದು ಆದಿಕಾಂಡದ 3ನೆಯ ಅಧ್ಯಾಯದಲ್ಲಿ. ಆದಾಮ ತಪ್ಪು ಮಾಡಿದ್ದಾನೆ. ತೋಟದಲ್ಲಿ ದೇವರ ಸಪ್ಪಳ ಕೇಳಿಸುತ್ತದೆ. ಅವನು ಮರಗಳ ನಡುವೆ ಅವಿತುಕೊಳ್ಳುತ್ತಾನೆ. ಎಲ್ಲಿದ್ದೀಯ ಎಂದು ದೇವರು ಕೇಳಿದಾಗ, ನಿನ್ನ ಸಪ್ಪಳ ಕೇಳಿ ಹೆದರಿ ಅಡಗಿಕೊಂಡೆ ಎನ್ನುತ್ತಾನೆ. ಈ ಭಯದ ಗುರುತು ಇಷ್ಟೇ: ಇದು ಅಡಗಿಸುತ್ತದೆ.

ವಿಮೋಚನಕಾಂಡದ 20ನೆಯ ಅಧ್ಯಾಯಕ್ಕೆ ಬನ್ನಿ. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ ಜನ ನಿಂತಿದ್ದಾರೆ. ಗುಡುಗು, ಮಿಂಚು, ಕೊಂಬಿನ ಧ್ವನಿ, ಬೆಟ್ಟದಿಂದ ಏಳುವ ಹೊಗೆ. ಜನ ನಡುಗಿ ದೂರ ಸರಿಯುತ್ತಾರೆ. ಆಗ ಅವರ ಮುಂದಾಳು ಮೋಶೆ ಹೇಳುವ 20ನೆಯ ವಚನ ಇಡೀ ವಿಷಯಕ್ಕೆ ಬೀಗದ ಕೈ ಇದ್ದಂತೆ. ಹೆದರಬೇಡಿ, ದೇವರು ಬಂದಿರುವುದು ನಿಮ್ಮನ್ನು ಪರೀಕ್ಷಿಸಲು, ಆತನ ಭಯ ನಿಮ್ಮ ಮುಂದೆ ಇದ್ದು ನೀವು ಪಾಪ ಮಾಡದಿರಲಿ ಎಂದು, ಎನ್ನುತ್ತಾನೆ. ಬೇಡ ಎಂದದ್ದೂ ಭಯ, ಇರಲಿ ಎಂದದ್ದೂ ಭಯ. ಹೀಬ್ರೂವಿನಲ್ಲಿ ಎರಡೂ ಒಂದೇ ಧಾತು. ಬರೆದವರಿಗೆ ಗೊತ್ತಿಲ್ಲದೆ ಹೀಗಾಗಿರಲಾರದು. ಭಯ ಎರಡು ಬಗೆಯದು ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಎದುರುಬದುರು ನಿಲ್ಲಿಸಿದ್ದಾರೆ.

ನಮ್ಮ ಕಡೆಯ ಹೋಲಿಕೆ ಹೇಳುವುದಾದರೆ ಭದ್ರಾ ನಾಲೆಯನ್ನು ನೆನೆಸಿಕೊಳ್ಳಿ. ನೀರು ಬಿಟ್ಟ ದಿನ ನಾಲೆಯನ್ನು ಮೊದಲ ಸಲ ನೋಡುವ ಮಗು ದಂಡೆಯಿಂದ ದೂರ ಓಡುತ್ತದೆ. ಅದೇ ದಂಡೆಯ ಮೇಲೆ ಮೂವತ್ತು ವರ್ಷ ಭತ್ತ ಬೆಳೆದ ರೈತನೂ ನೀರಿಗೆ ಅಂಜುತ್ತಾನೆ. ಆದರೆ ಅವನು ಓಡುವುದಿಲ್ಲ. ಕಾಲು ಎಲ್ಲಿ ಊರಬೇಕು, ಎಲ್ಲಿ ಊರಬಾರದು ಎಂದು ಬಲ್ಲ. ಗದ್ದೆ ಹಸಿರಾಗುವುದು ಆ ನೀರಿನಿಂದಲೇ ಎಂದು ಬಲ್ಲ. ನಾಲೆಯ ಮೇಲೆ ಸದರ ಬೆಳೆಸಿಕೊಂಡು ದಂಡೆಯಿಂದ ಹಾರುವ ಪಡ್ಡೆ ಹುಡುಗನಿಗೆ ಮಗುವಿನ ಹೆದರಿಕೆಯೂ ಇಲ್ಲ, ರೈತನ ಅಂಜಿಕೆಯೂ ಇಲ್ಲ. ಬೈಬಲ್ ‘ಮೂಢ’ ಎಂದು ಕರೆಯುವುದು ಇಂಥವನನ್ನು. ಜ್ಞಾನೋಕ್ತಿಗಳ ಪುಸ್ತಕ ದೇವರ ಭಯವೇ ತಿಳುವಳಿಕೆಯ ಆರಂಭ ಎಂದು ಶುರುವಾಗುವುದೂ ಈ ಅರ್ಥದಲ್ಲಿ. ಎದುರಿಗೆ ಇರುವುದು ಎಷ್ಟು ದೊಡ್ಡದು ಎಂದು ಅಳತೆ ಸಿಕ್ಕವನಿಗೆ ಮಾತ್ರ ಅದರ ಜೊತೆ ಬಾಳುವುದು ಗೊತ್ತಾಗುತ್ತದೆ.

ಆದರೆ ನಾಲೆಯ ಹೋಲಿಕೆ ಅರ್ಧ ದಾರಿಗೆ ನಿಲ್ಲುತ್ತದೆ. ನೀರಿಗೆ ರೈತನ ಹೆಸರು ಗೊತ್ತಿಲ್ಲ. ಕ್ರೈಸ್ತರು ನಂಬುವ ದೇವರು ತಂದೆ. ಉಳಿದ ಅರ್ಧಕ್ಕೆ ನನ್ನಪ್ಪನ ಕಥೆಯೇ ಬೇಕಾಯಿತು. ಆ ಸಂಜೆ ಹುಡುಗಿಗೂ ಅದನ್ನೇ ಹೇಳಿದೆ.

ಅಪ್ಪನ ಅಂಗಿ ಜೇಬಿನ ಐದು ರೂಪಾಯಿ

ಅಪ್ಪ ಇದೇ ಊರಿನ ಹತ್ತಿ ಮಿಲ್ಲೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಮನೆಗೆ ಬಂದಾಗ ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ಹತ್ತಿಯ ಎಳೆ ಅಂಟಿರುತ್ತಿತ್ತು. ಗೂಟಕ್ಕೆ ನೇತುಹಾಕಿದ ಅವರ ಅಂಗಿ ಜೇಬಿನಿಂದ ನಾನೊಮ್ಮೆ ಐದು ರೂಪಾಯಿ ನೋಟು ತೆಗೆದೆ. ಆಗ ನನಗೆ ಒಂಬತ್ತು ವರ್ಷ. ಗೆಳತಿಯರ ಜೊತೆ ಮಂಡಕ್ಕಿ, ಮೆಣಸಿನಕಾಯಿ ತಿಂದು, ರಿಬ್ಬನ್ ಕೊಂಡು ಎಲ್ಲ ಮುಗಿಸಿದೆ. ರಾತ್ರಿ ಅಪ್ಪ ಜೇಬು ತಡವಿ ನೋಡಿದರು. ಹೊಡೆತ ಬೀಳುತ್ತದೆಂದು ನಾನು ಕೌದಿಯೊಳಗೆ ಮುದುಡಿ ಮಲಗಿದೆ. ಅಪ್ಪ ಯಾರನ್ನೂ ಕೇಳಲಿಲ್ಲ. ‘ದಾರ್ಯಾಗೆ ಎಲ್ಲೋ ಬೀಳಿಸ್ಕೊಂಡೆ ಕಾಣ್ತದೆ’ ಎಂದು ಅವ್ವನಿಗೆ ಹೇಳಿ, ಬ್ಯಾಟರಿ ಹಿಡಿದು ಹೊರಟರು.

ಕಿಟಕಿಯಿಂದ ನೋಡಿದೆ. ಮಿಲ್ಲಿನ ರಸ್ತೆಯುದ್ದಕ್ಕೂ ತಲೆ ಬಗ್ಗಿಸಿ, ಬ್ಯಾಟರಿಯ ಬೆಳಕನ್ನು ಮಣ್ಣಿನ ಮೇಲೆ ಅತ್ತಿತ್ತ ಹಾಯಿಸುತ್ತ ಅಪ್ಪ ಹುಡುಕುತ್ತ ಹೋಗುತ್ತಿದ್ದರು. ಆಗಾಗ ಕುಕ್ಕರಗಾಲಲ್ಲಿ ಕೂತು ಒಂದು ಕಾಗದವನ್ನೋ ಎಲೆಯನ್ನೋ ತಿರುವಿ ನೋಡಿ ಏಳುತ್ತಿದ್ದರು. ಎಂಟು ಗಂಟೆ ನಿಂತು ದುಡಿದು ಬಂದ ಕಾಲು ಅದು. ನನ್ನೊಳಗೆ ಏನೋ ಮುರಿಯಿತು. ಹೊಡೆತದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ, ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಬರಿಗಾಲಲ್ಲಿ ಓಡಿಹೋಗಿ ಹೇಳಿಬಿಟ್ಟೆ. ಅಪ್ಪ ಬ್ಯಾಟರಿ ಆರಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ನನ್ನ ಕೈ ಹಿಡಿದುಕೊಂಡು ಮನೆಗೆ ನಡೆದರು.

ಆ ಮೇಲೆ ಆ ಜೇಬಿನ ಕಡೆ ನನ್ನ ಕೈ ಹೋಗಲಿಲ್ಲ. ಹೊಡೆಯುತ್ತಾರೆ ಎಂದಲ್ಲ, ಹೊಡೆಯುವುದಿಲ್ಲ ಎಂದು ಗೊತ್ತಾಗಿಹೋಗಿತ್ತು. ಆ ಬಗ್ಗಿದ ಬೆನ್ನನ್ನು ಇನ್ನೊಮ್ಮೆ ನೋಡಲಾರೆ ಎಂಬ ಅಂಜಿಕೆ ಉಳಿಯಿತು. ಕೌದಿಯೊಳಗಿನ ಭಯ ನನ್ನನ್ನು ಅಡಗಿಸಿತ್ತು, ಕಿಟಕಿಯ ಬಳಿ ಹುಟ್ಟಿದ ಭಯ ಅಪ್ಪನ ಹತ್ತಿರ ಓಡಿಸಿತು.

ಕ್ರೈಸ್ತ ಚಿಂತಕರು ಈ ಎರಡಕ್ಕೂ ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ. ಸಂತ ತೋಮಸ್ ಅಕ್ವಿನಾಸ್ (1225–1274) ಮೊದಲನೆಯದನ್ನು ಆಳಿನ ಭಯ ಎಂದೂ ಎರಡನೆಯದನ್ನು ಮಕ್ಕಳ ಭಯ ಎಂದೂ ಕರೆದರು. ಆಳಿಗೆ ಶಿಕ್ಷೆಯ ಚಿಂತೆ, ಮಗುವಿಗೆ ತಂದೆಯನ್ನು ನೋಯಿಸಿ ದೂರವಾದೇನೆಂಬ ಚಿಂತೆ. ಪ್ರೀತಿ ಬೆಳೆದಂತೆ ಆಳಿನ ಭಯ ಕುಗ್ಗುತ್ತದೆ, ಮಕ್ಕಳ ಭಯ ಮಾತ್ರ ಪ್ರೀತಿಯ ಜೊತೆಗೇ ಬೆಳೆಯುತ್ತದೆ ಎಂದರು. ಸ್ವರ್ಗದಲ್ಲೂ ಈ ಎರಡನೆಯ ಭಯ ಉಳಿಯುತ್ತದೆ ಎಂದೂ ಬರೆದರು. ಶಿಕ್ಷೆಯೇ ಇಲ್ಲದ ಕಡೆ ಉಳಿಯುವ ಭಯ ಎಂದರೆ ಅದು ಬೆರಗಿಗೂ ಗೌರವಕ್ಕೂ ಎಷ್ಟು ಹತ್ತಿರದ್ದು ಎಂದು ಯೋಚಿಸಿ.

ಅವರಿಗಿಂತ ಎಂಟು ಶತಮಾನಕ್ಕೂ ಹಿಂದೆ ಉತ್ತರ ಆಫ್ರಿಕಾದ ಹಿಪ್ಪೊ ಊರಿನ ಬಿಷಪ್ ಸಂತ ಅಗಸ್ಟೀನ್ (354–430) ಇದನ್ನೇ ಸಂಸಾರದ ಮಾತಲ್ಲಿ ಹೇಳಿದ್ದರು. ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ ಎಂದರು. ಇಬ್ಬರಿಗೂ ಗಂಡನ ವಿಷಯದಲ್ಲಿ ಭಯ. ಕದ್ದುಮುಚ್ಚಿ ಬೇರೊಬ್ಬನ ಸಂಗ ಮಾಡಿದವಳಿಗೆ ಗಂಡ ಎಲ್ಲಿ ಬಂದುಬಿಡುತ್ತಾನೋ ಎಂಬ ಭಯ. ಗಂಡನನ್ನು ಪ್ರೀತಿಸುವವಳಿಗೆ ಅವನು ಎಲ್ಲಿ ಬಿಟ್ಟುಹೋಗುತ್ತಾನೋ ಎಂಬ ಭಯ. ‘ಭಯವಿದೆಯೇ’ ಎಂದು ಕೇಳಿದರೆ ಇಬ್ಬರೂ ಹೌದೆನ್ನುತ್ತಾರೆ. ಯಾಕೆ ಎಂದು ಕೇಳಿದಾಗಲೇ ವ್ಯತ್ಯಾಸ ಹೊರಬೀಳುವುದು.

‘ಪ್ರೀತಿ ಭಯವನ್ನು ಹೊರದೂಡುತ್ತದೆ’ ಎಂದಿದೆಯಲ್ಲ?

ಇದು ಬೈಬಲ್ ಓದುವವರು ಎತ್ತುವ ನ್ಯಾಯವಾದ ಆಕ್ಷೇಪ. ಯೋಹಾನನ ಮೊದಲನೆಯ ಪತ್ರದ 4ನೆಯ ಅಧ್ಯಾಯ, 18ನೆಯ ವಚನ ಹಾಗೆಯೇ ಹೇಳುತ್ತದೆ: ಪೂರ್ಣವಾದ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ. ಕಾರಣವೂ ಪಕ್ಕದಲ್ಲೇ ಇದೆ: ಆ ಭಯ ಶಿಕ್ಷೆಗೆ ಸಂಬಂಧಪಟ್ಟದ್ದು. ಹೊರಗೆ ಹೋಗುವುದು ಆಳಿನ ಭಯ. ಪೌಲನು ರೋಮಾಪುರದವರಿಗೆ ಬರೆಯುವಾಗ, ನೀವು ಮತ್ತೆ ಭಯದಲ್ಲಿ ಬೀಳುವಂತೆ ದಾಸರ ಆತ್ಮವನ್ನು ಹೊಂದಲಿಲ್ಲ, ಮಕ್ಕಳ ಆತ್ಮವನ್ನು ಹೊಂದಿದ್ದೀರಿ, ಅದರಿಂದ ದೇವರನ್ನು ‘ಅಪ್ಪಾ’ ಎಂದು ಕೂಗುತ್ತೇವೆ ಎನ್ನುವುದೂ ಇದನ್ನೇ. ಅಲ್ಲಿ ಬರುವ ‘ಅಬ್ಬಾ’ ಎಂಬ ಅರಾಮಿಕ್ ಪದ ನಮ್ಮ ‘ಅಪ್ಪಾ’ಗೆ ಎಷ್ಟು ಹತ್ತಿರ ಕೇಳಿಸುತ್ತದೆ ಎಂದು ಸಂಡೇ ಸ್ಕೂಲಿನ ಮಕ್ಕಳು ಪ್ರತಿ ವರ್ಷವೂ ಬೆರಗಾಗುತ್ತಾರೆ.

ಹಾಗಾದರೆ ಮೊದಲ ಭಯ ಪೂರಾ ಕೆಟ್ಟದ್ದೇ? ಅಗಸ್ಟೀನ್ ಅದಕ್ಕೊಂದು ಒಳ್ಳೆಯ ಹೋಲಿಕೆ ಕೊಟ್ಟರು, ಕೌದಿ ಹೊಲಿಯುವವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಹೊಲಿಯುವಾಗ ಮೊದಲು ಬಟ್ಟೆಯೊಳಗೆ ಹೋಗುವುದು ಸೂಜಿ, ಅದರ ಹಿಂದೆ ದಾರ. ಸೂಜಿ ಹೋಗದೆ ದಾರ ಹೋಗಲಾರದು, ಸೂಜಿ ಒಳಗೇ ಉಳಿದರೆ ದಾರಕ್ಕೆ ಜಾಗವಿಲ್ಲ. ಭಯ ಸೂಜಿಯಂತೆ, ಪ್ರೀತಿ ದಾರದಂತೆ ಎಂದರು ಅವರು. ಬಟ್ಟೆಯನ್ನು ಕೊನೆಗೆ ಹಿಡಿದಿಡುವುದು ದಾರವೇ.

ಇನ್ನೂ ಆಳಕ್ಕೆ ಇಳಿದರೆ 130ನೆಯ ಕೀರ್ತನೆಯಲ್ಲಿ ಒಂದು ವಿಚಿತ್ರ ಸಾಲು ಸಿಗುತ್ತದೆ. ನಿನ್ನಲ್ಲಿ ಕ್ಷಮೆ ಇದೆ, ಆದ್ದರಿಂದ ಜನ ನಿನಗೆ ಭಯಪಡುತ್ತಾರೆ ಎಂದು ಕವಿ ದೇವರಿಗೆ ಹೇಳುತ್ತಾನೆ. ಶಿಕ್ಷೆ ಇದೆ, ಆದ್ದರಿಂದ ಭಯ ಎಂದಿದ್ದರೆ ನಮಗೆ ಸಹಜವಾಗಿ ಕಾಣುತ್ತಿತ್ತು. ಕ್ಷಮೆಯಿಂದ ಹುಟ್ಟುವ ಭಯ ಯಾವುದು? ಬ್ಯಾಟರಿ ಆರಿಸಿ ಕೈ ಹಿಡಿದ ಅಪ್ಪನ ಪಕ್ಕದಲ್ಲಿ ನಡೆಯುವಾಗ ನನಗೆ ಆದದ್ದು ಅದು. ನಲವತ್ತು ವರ್ಷಗಳಾದ ಮೇಲೂ ಆ ಕೀರ್ತನೆ ಓದುವಾಗ ನನ್ನ ಕಣ್ಣ ಮುಂದೆ ಮಿಲ್ಲಿನ ರಸ್ತೆ ಬರುತ್ತದೆ.

ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ (1483–1546) ಈ ದಾರಿಯನ್ನು ಸ್ವತಃ ನಡೆದವರು. 1505ರಲ್ಲಿ ಸಿಡಿಲಿನ ನಡುವೆ ಸಿಕ್ಕಿಬಿದ್ದು, ಬದುಕುಳಿದರೆ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತು ಮಠ ಸೇರಿದರು. ವರ್ಷಗಟ್ಟಲೆ ದೇವರನ್ನು ಕೋಪದ ನ್ಯಾಯಾಧೀಶನಾಗಿಯೇ ಕಂಡು ತಳಮಳಿಸಿದರು. ಆಮೇಲೆ ಕೃಪೆಯ ಅರಿವು ಬಂದಿತು. ಆದರೂ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ದಶಾಜ್ಞೆಗಳ ವಿವರಣೆಗಳನ್ನು ಅವರು ಭಯ ಮತ್ತು ಪ್ರೀತಿ ಎಂಬ ಎರಡೂ ಪದಗಳನ್ನು ಜೋಡಿಸಿಯೇ ಆರಂಭಿಸಿದರು. ನಮ್ಮ ‘ಭಯಭಕ್ತಿ’ಯ ಅಣ್ಣತಮ್ಮ ಎನ್ನಬಹುದಾದ ಜೋಡಿ ಅದು.

ಬಿರುಗಾಳಿ ನಿಂತ ಮೇಲೆ ಹೆಚ್ಚಾದ ಭಯ

ಭಯಭಕ್ತಿಯಲ್ಲಿ ತಂದೆಯ ಮೇಲಿನ ಅಂಜಿಕೆಯಷ್ಟೇ ಇಲ್ಲ, ಬೆರಗೂ ಇದೆ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯ ಅದನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಗಲಿಲಾಯದ ಸರೋವರದಲ್ಲಿ ರಾತ್ರಿ ಬಿರುಗಾಳಿ. ದೋಣಿಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ಶಿಷ್ಯರು ಎಬ್ಬಿಸುತ್ತಾರೆ, ಆತ ಗಾಳಿಯನ್ನು ಗದರಿಸುತ್ತಾನೆ, ಎಲ್ಲ ಶಾಂತವಾಗುತ್ತದೆ. ಕಥೆ ಅಲ್ಲಿಗೆ ಮುಗಿದಿದ್ದರೆ ಭಯವೂ ಮುಗಿಯಬೇಕಿತ್ತು. ಆದರೆ ನೀರು ಶಾಂತವಾದ ಮೇಲೆ ಶಿಷ್ಯರು ಬಹಳವಾಗಿ ಭಯಪಟ್ಟರು ಎಂದು ಮಾರ್ಕ ಬರೆಯುತ್ತಾನೆ. ಗಾಳಿಯೂ ಸಮುದ್ರವೂ ಮಾತು ಕೇಳುತ್ತವಲ್ಲ, ಈತ ಯಾರಿರಬಹುದು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಅಪಾಯ ಹೋಗಿದೆ, ಭಯ ಬಂದಿದೆ. ಈ ಭಯಕ್ಕೆ ದೋಣಿಯಿಂದ ಯಾರೂ ಹಾರಲಿಲ್ಲ.

ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಇದರ ಒಂದು ಸಣ್ಣ ರೂಪ ನೋಡಿದ್ದೇನೆ. ಬಸ್ಸಿನಲ್ಲಿ ಗಲಾಟೆ ಮಾಡುತ್ತ ಬಂದವರು ಆ ಹೆಬ್ಬಂಡೆಗಳ ಬುಡದಲ್ಲಿ ನಿಂತು ಕತ್ತೆತ್ತಿದಾಗ ತಾವಾಗಿಯೇ ಸುಮ್ಮನಾಗುತ್ತಾರೆ. ಯಾರೂ ಬೈದಿರುವುದಿಲ್ಲ. ಬಂಡೆ ಬೀಳುತ್ತದೆಂಬ ಹೆದರಿಕೆಯೂ ಇಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹೋಗಿ ಬಂಡೆಯ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ಜರ್ಮನಿಯ ಧರ್ಮವಿದ್ವಾಂಸ ರುಡಾಲ್ಫ್ ಒಟ್ಟೊ 1917ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪವಿತ್ರವಾದುದರ ಎದುರು ಮನುಷ್ಯನಿಗೆ ಆಗುವುದನ್ನು ಹೀಗೇ ಗುರುತಿಸಿದರು: ಅದು ನಡುಗಿಸುತ್ತದೆ, ಅದೇ ಹೊತ್ತಿಗೆ ಸೆಳೆಯುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿ ಯೆಶಾಯನ ಪುಸ್ತಕದ 11ನೆಯ ಅಧ್ಯಾಯದಲ್ಲಿದೆ. ಬರಲಿರುವ ಅರಸನ ಮೇಲೆ ದೇವರ ಭಯದ ಆತ್ಮ ನೆಲೆಸುತ್ತದೆ, ಆ ಭಯದಲ್ಲಿ ಅವನಿಗೆ ಆನಂದ ಎಂದು ಪ್ರವಾದಿ ಹೇಳುತ್ತಾನೆ. ಕ್ರೈಸ್ತರು ಈ ಅರಸನನ್ನು ಯೇಸು ಎಂದು ಓದುತ್ತಾರೆ. ಪಾಪವೇ ಇಲ್ಲದವನು ಎಂದು ಅವರು ನಂಬುವ ಯೇಸುವಿನಲ್ಲೂ ದೇವರ ಭಯವಿದ್ದರೆ, ಅದರಲ್ಲಿ ಅವನಿಗೆ ಆನಂದವೂ ಇದ್ದರೆ, ಆ ಪದಕ್ಕೆ ಶಿಕ್ಷೆಯ ದಿಗಿಲು ಎಂಬ ಅರ್ಥ ಹೊಂದುವುದೇ ಇಲ್ಲ. ಕಥೋಲಿಕ ಪರಂಪರೆ ಪವಿತ್ರಾತ್ಮನ ಏಳು ವರಗಳನ್ನು ಎಣಿಸುವುದು ಇದೇ ಅಧ್ಯಾಯದಿಂದ. ದೇವರ ಭಯ ಆ ಪಟ್ಟಿಯಲ್ಲಿ ಕೊನೆಯದು. 2014ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಈ ವರದ ಬಗ್ಗೆಯೇ ಜನರಿಗೆ ಉಪದೇಶ ಮಾಡುತ್ತ, ಇದರ ಅರ್ಥ ದೇವರಿಗೆ ಹೆದರುವುದಲ್ಲ, ಆತ ತಂದೆ ಎಂದು ಬಿಡಿಸಿ ಹೇಳಿದರು. ಅದೇ ಉಪದೇಶದಲ್ಲಿ, ಭ್ರಷ್ಟರಿಗೆ, ಮನುಷ್ಯರನ್ನು ಮಾರುವವರಿಗೆ ಇದು ಎಚ್ಚರಿಕೆಯ ಗಂಟೆಯೂ ಹೌದು ಎಂದರು.

ಕಿವುಡನಿಗೆ ಬೈದರೆ ಯಾರಿಗೆ ಕೇಳಿಸುತ್ತದೆ?

ಇಷ್ಟು ಹೊತ್ತು ಮನಸ್ಸಿನೊಳಗಿನ ಮಾತಾಯಿತು. ಬೈಬಲ್ ದೇವರ ಭಯವನ್ನು ಹೆಚ್ಚಾಗಿ ಅಳೆಯುವುದು ಬೀದಿಯಲ್ಲಿ, ಹೊಲದಲ್ಲಿ, ವ್ಯಾಪಾರದಲ್ಲಿ. ಯಾಜಕಕಾಂಡ 19:14ರಲ್ಲಿ ಒಂದು ಆಜ್ಞೆ ಇದೆ: ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ, ನಿನ್ನ ದೇವರಿಗೆ ಭಯಪಡು. ದೇವರ ಭಯ ಇಲ್ಲಿಗೆ ಯಾಕೆ ಬಂತು? ಕಿವುಡನಿಗೆ ಬೈದದ್ದು ಅವನಿಗೆ ಕೇಳಿಸುವುದಿಲ್ಲ. ಕುರುಡನಿಗೆ ಕಲ್ಲಿಟ್ಟವನು ಯಾರೆಂದು ಕಾಣುವುದಿಲ್ಲ. ಸಿಕ್ಕಿಬೀಳುವ ಭಯ, ತಿರುಗಿ ಹೊಡೆಯುತ್ತಾರೆಂಬ ಭಯ, ಜನ ಏನೆಂದಾರು ಎಂಬ ಭಯ, ಒಂದೂ ಕೆಲಸ ಮಾಡದ ಜಾಗ ಅದು. ಅಲ್ಲಿ ಕೈ ತಡೆಯಲು ಇನ್ನೊಂದೇ ಭಯ ಉಳಿದಿರುತ್ತದೆ.

ನಮ್ಮ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ರಾಶಿಯ ಪಕ್ಕ ನಿಂತು ಇದನ್ನು ಓದಿ ನೋಡಬೇಕು. ಚೀಟಿಯಲ್ಲಿ ಬರೆದದ್ದನ್ನು ಓದಲು ಬಾರದ ಅಜ್ಜನ ಮುಂದೆ ತೂಕ ಕೂಗುವವನ ನಾಲಿಗೆ, ಯಾರೂ ನೋಡದಾಗ ಹೇಗೆ ಆಡುತ್ತದೆ ಎನ್ನುವುದೇ ಇಲ್ಲಿಯ ಪ್ರಶ್ನೆ. ಅದೇ ಪುಸ್ತಕದ 25ನೆಯ ಅಧ್ಯಾಯದಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ಭೂಮಿ ಮಾರುವಾಗ ಕೊಳ್ಳುವಾಗ ಒಬ್ಬರಿಗೊಬ್ಬರು ಅನ್ಯಾಯ ಮಾಡಬೇಡಿ, ದೇವರಿಗೆ ಭಯಪಡಿ. ಬಡವಾದ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡಿ, ದೇವರಿಗೆ ಭಯಪಡಿ. ದುಡಿಯುವವನ ಮೇಲೆ ಕ್ರೂರವಾಗಿ ದೊರೆತನ ಮಾಡಬೇಡಿ, ದೇವರಿಗೆ ಭಯಪಡಿ. ಬಲ ಇರುವವನಿಗೇ ಈ ಭಯವನ್ನು ಹೆಚ್ಚಾಗಿ ನೆನಪಿಸಲಾಗಿದೆ. ಆ ವಿಡಿಯೊದ ಪ್ರಸಂಗಿ ಹತ್ತು ವರ್ಷದ ಮಗುವನ್ನು ನಡುಗಿಸಿದರು. ಯಾಜಕಕಾಂಡ ಹೊಲದ ಯಜಮಾನನನ್ನು, ಸಾಲ ಕೊಟ್ಟವನನ್ನು ತಡೆದು ನಿಲ್ಲಿಸುತ್ತದೆ. ಈ ವ್ಯತ್ಯಾಸವನ್ನು ನಾವು ಗಟ್ಟಿಯಾಗಿ ಹೇಳಲೇಬೇಕು.

ದೇವರಿಗೆ ಅಂಜಿದವರು ಬೇರೆಯವರಿಗೆ ಅಂಜುವುದನ್ನು ಬಿಡುತ್ತಾರೆ ಎಂಬುದು ಇದರ ಇನ್ನೊಂದು ಮಗ್ಗುಲು. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರಿದ್ದಾರೆ. ಇಬ್ರಿಯರಿಗೆ ಹುಟ್ಟುವ ಗಂಡುಕೂಸುಗಳನ್ನು ಕೊಲ್ಲಿ ಎಂದು ಐಗುಪ್ತದ (ಈಜಿಪ್ಟಿನ) ದೊರೆ ಅಪ್ಪಣೆ ಮಾಡುತ್ತಾನೆ. ‘ಫರೋಹ’ ಎಂಬುದು ಅವನ ಪದವಿ ಮಾತ್ರ. ಅವರು ದೇವರಿಗೆ ಭಯಪಡುವವರಾದ್ದರಿಂದ ಕೂಸುಗಳನ್ನು ಉಳಿಸಿದರು ಎನ್ನುತ್ತದೆ ಪುಸ್ತಕ. ಆ ದೊರೆಯ ಹೆಸರು ಏನೆಂದು ಪುಸ್ತಕ ಹೇಳುವುದಿಲ್ಲ, ಸೂಲಗಿತ್ತಿಯರ ಹೆಸರನ್ನು ಮಾತ್ರ ಬರೆದಿಟ್ಟಿದೆ.

ಹಾಗಾದರೆ ನರಕದ ಮಾತು?

ಹುಡುಗಿಯ ನಿದ್ದೆ ಕೆಡಿಸಿದ್ದು ಇದೇ, ಅದನ್ನು ಮುಚ್ಚಿಡಲಾಗದು. ಯೇಸು ತೀರ್ಪಿನ ಬಗ್ಗೆ ಮಾತಾಡಿದ್ದಾನೆ. ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ದೇಹವನ್ನು ಮಾತ್ರ ಕೊಲ್ಲುವವರಿಗೆ ಹೆದರಬೇಡಿ, ಆತ್ಮವನ್ನೂ ದೇಹವನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಭಯಪಡಿ ಎಂಬ ಕಠಿಣ ಮಾತಿದೆ. ನರಕವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದರಲ್ಲಿ ಕ್ರೈಸ್ತ ಸಭೆಗಳ (ಪಂಥಗಳ) ನಡುವೆ ವ್ಯತ್ಯಾಸಗಳಿವೆ, ಆದರೆ ಮಾಡಿದ್ದಕ್ಕೆ ಲೆಕ್ಕ ಕೊಡಬೇಕು ಎಂಬುದನ್ನು ಮುಖ್ಯ ಸಭೆಗಳೆಲ್ಲ ಒಪ್ಪುತ್ತವೆ. ಆ ವಿಡಿಯೊ ಮಾಡಿದವರು ಓದು ನಿಲ್ಲಿಸಿದ್ದು ಇಲ್ಲಿ. ಯೇಸು ನಿಲ್ಲಿಸಲಿಲ್ಲ. ಮುಂದಿನ ಉಸಿರಿನಲ್ಲೇ ಗುಬ್ಬಿಗಳ ಮಾತು ಎತ್ತುತ್ತಾನೆ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳಲ್ಲಿ ಒಂದಾದರೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳುವುದಿಲ್ಲ, ನಿಮ್ಮ ತಲೆಗೂದಲೂ ಎಣಿಕೆಯಾಗಿದೆ, ಆದ್ದರಿಂದ ಹೆದರಬೇಡಿ ಎನ್ನುತ್ತಾನೆ. ‘ಭಯಪಡಿ’ಯಿಂದ ‘ಹೆದರಬೇಡಿ’ಗೆ ಮೂರೇ ವಚನಗಳ ದೂರ.

ಭಯ ಕಾಯಿಲೆಯಾದಾಗ

ಕೆಲವರಲ್ಲಿ ಈ ಭಯ ದಾರಿ ತಪ್ಪುತ್ತದೆ. ಒಪ್ಪಿಕೊಂಡ ಪಾಪವನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುವುದು, ಪ್ರಾರ್ಥನೆಯ ಒಂದು ಪದ ತಪ್ಪಿತೆಂದು ಮೊದಲಿನಿಂದ ಶುರುಮಾಡುವುದು, ಮನಸ್ಸಿಗೆ ಬಂದುಹೋದ ಒಂದು ಯೋಚನೆಗೆ ರಾತ್ರಿಯೆಲ್ಲ ಬೆವರುವುದು. ಲ್ಯಾಟಿನ್‌ನಲ್ಲಿ ಇದಕ್ಕೆ ಹೆಸರು ಬಂದದ್ದು ‘ಸ್ಕ್ರೂಪುಲುಸ್’ ಎಂಬ ಪದದಿಂದ, ಎಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುವ ಮನಸ್ಸಾಕ್ಷಿ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದರಿಂದ ಜೀವವೇ ಬೇಡವೆನಿಸುವಷ್ಟು ನರಳಿದರು. ಹಳೆಯ ಪಾಪಗಳನ್ನು ಇನ್ನು ಕೆದಕಿ ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡ ಮೇಲೆ ಬಿಡುಗಡೆಯಾಯಿತು. ಮುಂದೆ ಅವರು ಬೇರೆಯವರಿಗೆ ಈ ವಿಷಯದಲ್ಲಿ ದಾರಿ ತೋರಿಸುವ ಸೂಚನೆಗಳನ್ನೇ ಬರೆದಿಟ್ಟರು.

ಇಂದು ಮನೋವೈದ್ಯರು ಇಂಥ ಕೆಲವು ಲಕ್ಷಣಗಳನ್ನು ಗೀಳು ಕಾಯಿಲೆಯ ಒಂದು ರೂಪ ಎಂದು ಗುರುತಿಸುತ್ತಾರೆ, ಚಿಕಿತ್ಸೆಯೂ ಇದೆ. ಮನೆಯಲ್ಲಿ ಯಾರಾದರೂ ಹೀಗೆ ನವೆಯುತ್ತಿದ್ದರೆ ‘ಇನ್ನೂ ಪ್ರಾರ್ಥನೆ ಮಾಡು’ ಎಂದು ಬಿಟ್ಟುಬಿಡಬೇಡಿ. ಒಳ್ಳೆಯ ಫಾದರ್ ಇಲ್ಲವೇ ಪಾಸ್ಟರ್ ಒಬ್ಬರ ಜೊತೆ ಮಾತಾಡಿಸಿ, ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಿ. ಮಕ್ಕಳ ನಿದ್ದೆ ಕೆಡಿಸುವ ವಿಡಿಯೊಗಳನ್ನು ಅವರ ಕೈಯಿಂದ ದೂರ ಇಡುವುದು ಅಪನಂಬಿಕೆಯಲ್ಲ.

ದಿನದ ಬದುಕಿನಲ್ಲಿ

ಆಚರಣೆಯಲ್ಲಿ ಇದು ದೊಡ್ಡ ಸಂಗತಿಯೇನೂ ಆಗಿ ಕಾಣುವುದಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಚರ್ಚಿನೊಳಗೆ ಹೋಗುವುದು, ಮೊಣಕಾಲೂರುವುದು, ವಾಕ್ಯ ಓದುವಾಗ ಎದ್ದು ನಿಲ್ಲುವುದು. ರಾತ್ರಿ ಮಲಗುವ ಮುಂಚೆ ದಿನವನ್ನು ದೇವರ ಮುಂದೆ ಬಿಚ್ಚಿಟ್ಟು, ಯಾರಿಗೆ ಚುಚ್ಚು ಮಾತಾಡಿದೆ, ಯಾರ ಕೂಲಿ ತಡಮಾಡಿದೆ ಎಂದು ನೆನೆಯುವುದು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ದಿನ, ವಿಭೂತಿ ಬುಧವಾರ, ನೀನು ಮಣ್ಣು ಎಂಬ ಮಾತಿನ ಜೊತೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದು. ಆ ಬೂದಿಯನ್ನು ಹಚ್ಚಿಸಿಕೊಳ್ಳಲು ಜನ ತಾವಾಗಿಯೇ ಸಾಲು ನಿಂತು ಮುಂದೆ ಬರುತ್ತಾರೆ.

ತಮ್ಮ ಭಯ ಯಾವ ಬಗೆಯದು ಎಂದು ತಿಳಿಯಬೇಕೆನ್ನುವವರಿಗೆ ನಾನು ಒಂದೇ ಪ್ರಶ್ನೆ ಕೊಡುತ್ತೇನೆ: ತಪ್ಪು ಮಾಡಿದ ದಿನ ಪ್ರಾರ್ಥನೆ ಬಿಟ್ಟುಬಿಡಬೇಕು ಅನಿಸುತ್ತದೆಯೋ, ಅವತ್ತೇ ಮೊದಲು ಪ್ರಾರ್ಥನೆಗೆ ಕೂರಬೇಕು ಅನಿಸುತ್ತದೆಯೋ?

ಆ ಸಂಜೆ ಹುಡುಗಿಗೆ ಇದೆಲ್ಲ ಹೇಳಲಿಲ್ಲ. ಗುಬ್ಬಿಗಳ ಮಾತು ಓದಿಸಿದೆ, ಅಪ್ಪನ ಕಥೆ ಹೇಳಿದೆ. ತಾಯಿ ನನ್ನೆದುರೇ ಮೊಬೈಲಿನಿಂದ ಆ ವಿಡಿಯೊ ಅಳಿಸಿದರು. ಬಾಗಿಲವರೆಗೆ ಹೋದವಳು ತಿರುಗಿ ನಿಂತು ಕೇಳಿದಳು:

‘ಮಿಸ್, ಆಮೇಲೆ ಆ ಐದು ರೂಪಾಯಿ ವಾಪಸ್ ಕೊಟ್ರಾ?’

‘ಇಲ್ಲ’ ಎಂದೆ. ‘ಅಪ್ಪ ಕೇಳಲೇ ಇಲ್ಲ.’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ವಾಪಸ್ ಬಂದು, ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಮುಷ್ಟಿ ತುಂಬ ತೆಗೆದುಕೊಂಡು ಓಡಿದಳು.